ಎಡಚನನ್ನು ನೋಡಲು ಹೋದವರು

ಸೋಮವಾರ ಬೆಳಿಗ್ಗೆ ಎಂಟಕ್ಕೆ ಕ್ಲಬ್ಬಿನ ವ್ಯಾನು ಬಂದು ಲಾಂಡ್ರಿಯ ಮುಂದೆ ಎರಡು ಚೀಲ ಇಳಿಸಿ ಹೋಗುತ್ತಿತ್ತು. ಭಾನುವಾರದ ಆಟದಲ್ಲಿ ತೊಟ್ಟ ಜರ್ಸಿ, ಚಡ್ಡಿ, ಕಾಲುಚೀಲಗಳು. ಪುಟ್ಟಕ್ಕ ಅವನ್ನೆಲ್ಲ ಹಿಂದಿನ ಕೋಣೆಯ ಸಿಮೆಂಟು ನೆಲದ ಮೇಲೆ ಸುರಿದುಕೊಂಡು ಕಲೆ ನೋಡಿ ಬೇರೆ ಮಾಡುತ್ತಿದ್ದಳು. ಹುಲ್ಲಿನ ಹಸಿರು ಒಂದು ಕಡೆ, ರಕ್ತ ಒಂದು ಕಡೆ, ಬರೀ ಬೆವರು ಮಣ್ಣು ಇನ್ನೊಂದು ಕಡೆ. ಫುಟ್‌ಬಾಲ್ ಅಂದರೆ ಅವಳಿಗೆ ಅಷ್ಟೇ. ಗೋಲಿಗೆ ಎಷ್ಟು ಕಂಬ ಎಂದು ಕೇಳಿದರೂ ಒಂದು ಕ್ಷಣ ಯೋಚಿಸಬೇಕಾಗುತ್ತಿತ್ತು. ಆದರೆ ಯಾರು ಬಿದ್ದ, ಯಾರು ಬಡಿದಾಡಿಕೊಂಡ, ಯಾರು ಮೈಗಳ್ಳತನ ಮಾಡಿದ ಎಂಬುದನ್ನು ಬಟ್ಟೆ ಮುಟ್ಟಿಯೇ ಹೇಳಿಬಿಡುತ್ತಿದ್ದಳು.

ಲಾಂಡ್ರಿ ಅಪ್ಪನ ಕಾಲದ್ದು. ಕೆಳಗೆ ಅಂಗಡಿ, ಹಿಂದೆ ತೊಳೆಯುವ ಕೋಣೆ, ಮೇಲೆ ಎರಡು ಕೋಣೆಯ ಮನೆ. ಅಣ್ಣ ಹದಿನೈದನೇ ವಯಸ್ಸಿಗೆ ಇಸ್ತ್ರಿ ಮೇಜಿನ ಮುಂದೆ ನಿಂತವನು, ಐವತ್ತೆಂಟಾದರೂ ಅಲ್ಲೇ ನಿಂತಿದ್ದ. ಮದುವೆಯಾಗಲಿಲ್ಲ. ಯಾರಾದರೂ ಕೆಣಕಿದರೆ, "ಮಡಿಸಿಟ್ಟ ಬಟ್ಟೆ ಥರ ನೆಟ್ಟಗಿದ್ದೀನಿ, ಯಾಕ್ರೀ ಕೆದರ್ತೀರಾ?" ಎಂದು ನಗುತ್ತಿದ್ದ. ಪುಟ್ಟಕ್ಕ ಮದುವೆಯಾಗಿ ಆರು ವರ್ಷ ಬೇರೆ ಊರಿನಲ್ಲಿದ್ದಳು. ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕು ಹಿಡಿದು ಬಂದು ಬಾಗಿಲಲ್ಲಿ ನಿಂತಾಗ ಅಣ್ಣ ಏನೂ ಕೇಳಲಿಲ್ಲ. "ಮೊದ್ಲು ಊಟ ಮಾಡು ಪುಟ್ಟಿ," ಎಂದು ಹೇಳಿ, ಮೇಲೆ ಹೋಗಿ ಗಾಳಿ ಬರುವ ಕೋಣೆಯನ್ನು ಅವಳಿಗೆ ಖಾಲಿ ಮಾಡಿಕೊಟ್ಟ. ಅದಾಗಿ ಇಪ್ಪತ್ತೈದು ವರ್ಷ. ಅವಳು ತೊಳೆದದ್ದನ್ನು ಅವನು ಇಸ್ತ್ರಿ ಮಾಡುತ್ತ ಬಂದ. ಅವನ ಕೈಯಿಂದ ಬಂದ ಅಂಗಿ ತೊಟ್ಟರೆ ಹೋದ ಕೆಲಸ ಆಗುತ್ತದೆ ಎಂದು ಬೀದಿಯವರು ತಮಾಷೆಗೆ ಹೇಳುತ್ತಿದ್ದರು, ಸ್ವಲ್ಪ ಮಟ್ಟಿಗೆ ನಂಬುತ್ತಲೂ ಇದ್ದರು.

ಅಣ್ಣನಿಗಿದ್ದದ್ದು ಒಂದೇ ಹುಚ್ಚು. ಅದು ಎಡಚ.

ಎಡಚ ಇದೇ ಕ್ಲಬ್ಬಿನಲ್ಲಿ ಹತ್ತೊಂಬತ್ತನೇ ವಯಸ್ಸಿಗೆ ಆಡಲು ಶುರು ಮಾಡಿದವನು. ಅವನ ಎಡಗಾಲಿಗೆ ಚೆಂಡು ಸಿಕ್ಕಿತೆಂದರೆ ಇಡೀ ಸ್ಟೇಡಿಯಂ ಕುಳಿತಲ್ಲಿಂದ ಅರ್ಧ ಏಳುತ್ತಿತ್ತಂತೆ. ಎರಡು ವರ್ಷದಲ್ಲಿ ದೊಡ್ಡ ಊರಿನ ದೊಡ್ಡ ತಂಡ ಅವನನ್ನು ಕರೆದುಕೊಂಡು ಹೋಯಿತು. ದೇಶಕ್ಕೆ ಆಡಿದ. ಅಣ್ಣ ಅವನ ಆಟ ಒಂದನ್ನೂ ತಪ್ಪಿಸಲಿಲ್ಲ. ಇಸ್ತ್ರಿ ಮೇಜಿನ ಮೇಲಿನ ಗೂಡಿನಲ್ಲಿ ಮೊದಲು ರೇಡಿಯೋ, ಆಮೇಲೆ ಟೀವಿ ಬಂದದ್ದೇ ಅದಕ್ಕೆ. ಎಡಚ ಗೋಲು ಹೊಡೆದ ದಿನ ಗಿರಾಕಿಗಳ ಬಟ್ಟೆ ಹೇಳಿದ್ದಕ್ಕಿಂತ ಒಂದು ದಿನ ಮುಂಚೆಯೇ ಸಿದ್ಧವಾಗಿರುತ್ತಿತ್ತು.

ಅಂಥ ಎಡಚ ಮೂವತ್ತೆಂಟನೇ ವಯಸ್ಸಿಗೆ ಹಳೆಯ ಕ್ಲಬ್ಬಿಗೇ ವಾಪಸು ಬಂದ. ದೊಡ್ಡ ತಂಡಗಳು ಕೈಬಿಟ್ಟಿದ್ದವು, ಮೊಣಕಾಲಿಗೆ ಎರಡು ಸಲ ಆಪರೇಷನ್ ಆಗಿತ್ತು. ಮೊದಲ ಭಾನುವಾರ ಊರಿಗೆ ಊರೇ ಸ್ಟೇಡಿಯಂನಲ್ಲಿತ್ತು. ಅಣ್ಣ ಮದುವೆಮನೆಗೆ ಹೊರಟವನಂತೆ ಹೊರಟ. ಸಂಜೆ ಬಂದವನು ಶೂ ಬಿಚ್ಚುತ್ತ, "ಇನ್ನೂ ಹೊಂದ್ಕೋಬೇಕು ಪುಟ್ಟಿ. ಹೊಸ ಹುಡುಗ್ರು, ಅವನ ಲೆಕ್ಕ ಅವರಿಗೆ ತಿಳಿಯಲ್ಲ," ಎಂದ.

ಹೊಂದಿಕೊಳ್ಳುವುದು ಆಗಲೇ ಇಲ್ಲ. ಪುಟ್ಟಕ್ಕನಿಗೆ ಅದು ಬಟ್ಟೆಯಲ್ಲೇ ಗೊತ್ತಾಯಿತು. ಮೊದಮೊದಲು ಅವನ ಜರ್ಸಿಯ ಎಡಮಗ್ಗುಲಿಗೆಲ್ಲ ಹುಲ್ಲು ಮೆತ್ತಿಕೊಂಡಿರುತ್ತಿತ್ತು. ಎರಡು ತಿಂಗಳಲ್ಲಿ ಕಾಲುಚೀಲಗಳಿಂದ ನೋವಿನ ಮುಲಾಮಿನ ವಾಸನೆ ಎಷ್ಟು ತೊಳೆದರೂ ಹೋಗದಾಯಿತು. ಆಮೇಲೆ ಕಲೆಗಳೇ ಕಡಿಮೆಯಾದವು. ಒಂದು ಸೋಮವಾರ ಅವಳು ಯೋಚಿಸದೆ ಹೇಳಿಬಿಟ್ಟಳು: "ಈಗೀಗ ಬೀಳೋದೂ ಇಲ್ಲ ಅಣ್ಣಾ ಈತ. ಚೆಂಡಿನ ಹತ್ರ ಹೋದ್ರೆ ತಾನೇ ಬೀಳೋದು."

ಅಣ್ಣ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಅವಳ ಕಡೆ ನೋಡಿದ.

ಅವಳಿಗೆ ಬಗೆಹರಿಯದ ವಿಷಯ ಬೇರೆಯೇ ಇತ್ತು. ಎಡಚ ಕೆಟ್ಟದಾಗಿ ಆಡಿದಷ್ಟೂ ಜನ ಹೆಚ್ಚಾಗುತ್ತಿದ್ದರು. ಅವನು ಎಡವಿದ್ದನ್ನು, ಮಂಡಿಗೆ ಕೈ ಊರಿ ಬಗ್ಗಿ ನಿಂತು ಏದುಸಿರು ಬಿಡುವುದನ್ನು ಫೋನಿನಲ್ಲಿ ಹಿಡಿದು ಊರೆಲ್ಲ ಹಂಚುತ್ತಿದ್ದರು. ಪಕ್ಕದ ಕಟಿಂಗ್ ಶಾಪಿನವನು ಗಿರಾಕಿಗಳಿಗೆ ಹೊದಿಸುವ ಬಿಳಿ ಬಟ್ಟೆಗಳ ಗಂಟು ತಂದವನು ಅರ್ಧ ಗಂಟೆ ಅದನ್ನೇ ತೋರಿಸುತ್ತಿದ್ದ. ಒಂದು ದಿನ ಅವಳು ರೇಗಿದಳು.

"ಸೋಲೋದನ್ನ ನೋಡೋಕೆ ಟಿಕೆಟ್ ಬೇರೆ ತಗೊಂಡು ಹೋಗ್ತೀರಲ್ಲ, ನಿಮಗೆ ಮಾಡೋಕೆ ಕೆಲಸ ಇಲ್ವಾ?"

"ಅಯ್ಯೋ ಪುಟ್ಟಕ್ಕ, ಅವನೂ ನಮ್ಮ ಹಂಗೇ ಮೆಟ್ಟಿಲು ಹತ್ತೋವಾಗ ಸೊಂಟ ಹಿಡ್ಕೋತಾನಲ್ಲ, ನೋಡಿದ್ರೆ ಒಂಥರಾ ಸಮಾಧಾನ," ಎಂದು ಅವನು ನಕ್ಕ. ಯೂನಿಫಾರ್ಮ್ ಒಯ್ಯಲು ಬಂದಿದ್ದ ಬಸ್ ಡ್ರೈವರ್ ಮಾತ್ರ ತಲೆಯಾಡಿಸಿದ. "ನಾನು ಅದಕ್ಕಲ್ಲಮ್ಮ ಹೋಗೋದು. ಇವತ್ತು ಒಂದೇ ಒಂದು ಸಲ ಹಳೇದು ಬಂದುಬಿಟ್ರೆ? ಆ ದಿನ ನಾನು ಮನೇಲಿ ಕೂತಿದ್ರೆ?"

ಅಣ್ಣ ಅಂಗಿಯೊಂದರ ತೋಳಿನ ಮೇಲೆ ನೀರು ಚಿಮುಕಿಸುತ್ತಿದ್ದ.

ಆ ತೋಳನ್ನು ಪುಟ್ಟಕ್ಕ ಆಮೇಲೆ ಮಡಿಸುವಾಗ ನೋಡಿದಳು. ಅದರ ಮೇಲೆ ಎರಡು ಗೆರೆ. ಒಂದರ ಪಕ್ಕ ಒಂದು, ಸಣ್ಣ ರೈಲುಹಳಿಯಂತೆ. ಇಸ್ತ್ರಿ ಕಲಿಯುವವರು ಮಾಡುವ ತಪ್ಪು ಅದು, ಅಣ್ಣನ ಕೈಯಿಂದ ಅವಳು ನಲವತ್ತು ವರ್ಷದಲ್ಲಿ ಕಂಡಿರಲಿಲ್ಲ. ಮರುದಿನ ಇನ್ನೊಂದು ಅಂಗಿಯಲ್ಲಿ ಕಂಡಿತು. ಕಳ್ಳಿಯ ಹಾಗೆ ನೋಡಲು ಶುರು ಮಾಡಿದಳು. ಪೆಟ್ಟಿಗೆ ಹಿಡಿಯದೆ ಸುಮ್ಮನಿದ್ದಾಗ ಅವನ ಬಲಗೈಯ ಹೆಬ್ಬೆರಳು, ಕಾಣದ ಗೋಲಿಯೊಂದನ್ನು ಉರುಳಿಸುತ್ತಿರುವಂತೆ ತನ್ನಷ್ಟಕ್ಕೆ ಆಡುತ್ತಿತ್ತು. ಅವಳು ಕರೆದುಕೊಂಡು ಹೋಗಿ ತೋರಿಸಿದಾಗ ಡಾಕ್ಟರು ನರದ ಕಾಯಿಲೆ ಎಂದರು. ಮಾತ್ರೆಯಿಂದ ನಿಧಾನ ಮಾಡಬಹುದು, ನಿಲ್ಲಿಸಲಿಕ್ಕಾಗುವುದಿಲ್ಲ ಎಂದರು. ಹೊರಗೆ ಬಂದ ಮೇಲೆ ಅಣ್ಣ ಹೇಳಿದ್ದು ಒಂದೇ ಮಾತು: "ಅಂಗಡೀಲಿ ಯಾರಿಗೂ ಹೇಳ್ಬೇಡ."

ಅಂದಿನಿಂದ ಅವಳು ಬೆಳಿಗ್ಗೆ ಅವನು ಏಳುವ ಮುಂಚೆ ಕೆಳಗಿಳಿದು, ಕೆಟ್ಟ ಅಂಗಿಗಳಿಗೆ ಮತ್ತೆ ಇಸ್ತ್ರಿ ಹಾಕುತ್ತಿದ್ದಳು. ಅವನಿಗದು ಗೊತ್ತಿತ್ತು. ಗೊತ್ತಿದೆ ಎಂದು ಅವಳಿಗೂ ಗೊತ್ತಿತ್ತು.

ಅಣ್ಣನಿಗೆ ಟಿಕೆಟನ್ನು ಕಿಸೆಯಿಂದ ತೆಗೆಯುವುದೇ ಕಷ್ಟವಾದಾಗ, ಒಂದು ಭಾನುವಾರ ಅವಳೂ ಜೊತೆಗೆ ಹೊರಟಳು. ಮಧ್ಯಾಹ್ನದ ಬಿಸಿಲು, ಕಾದ ಸಿಮೆಂಟು ಮೆಟ್ಟಿಲುಗಳು, ಸುತ್ತ ಗದ್ದಲ. ತಾನು ಎಷ್ಟೋ ತಿಂಗಳಿಂದ ತೊಳೆಯುತ್ತ ಬಂದ ಜರ್ಸಿಯೊಳಗಿನ ಮನುಷ್ಯನನ್ನು ಅವಳು ಮೊದಲ ಸಲ ಸರಿಯಾಗಿ ನೋಡಿದ್ದು ಅಂದೇ. ಅಗಲ ಹೆಗಲು, ನೆತ್ತಿಯಲ್ಲಿ ತೆಳುವಾದ ಕೂದಲು. ಬಾರದ ಚೆಂಡಿಗಾಗಿ ಕೈ ಎತ್ತಿ ಕರೆಯುತ್ತ ನಿಲ್ಲುತ್ತಿದ್ದ.

ಆಟ ಮುಗಿಯುವ ಹೊತ್ತಿಗೆ ಪೆನಾಲ್ಟಿ ಸಿಕ್ಕಿತು. ಚೆಂಡನ್ನು ಎಡಚನೇ ಎತ್ತಿಕೊಂಡ. ಪಕ್ಕದಲ್ಲಿ ಅಣ್ಣ ಎರಡೂ ಕೈಗಳನ್ನು ತೊಡೆಯ ನಡುವೆ ಒತ್ತಿಕೊಂಡಿದ್ದ. ಎಡಚ ಓಡಿಬಂದು ಒದ್ದ. ಚೆಂಡು ಗೋಲಿನ ಮೇಲಿಂದ ಹಾರಿ ಜನರ ನಡುವೆ ಬಿತ್ತು. ಮೊದಲು ಯಾರೋ ಒಬ್ಬ ನಕ್ಕ. ಆಮೇಲೆ ಒಂದು ಸ್ಟ್ಯಾಂಡಿನಿಂದ ಇನ್ನೊಂದಕ್ಕೆ ನಗು ಹಬ್ಬಿತು.

ಅಣ್ಣ ಎದ್ದು ನಿಂತ. ಇಡೀ ಜನ್ಮದಲ್ಲಿ ಗಿರಾಕಿಯೊಬ್ಬನಿಗೂ ದನಿ ಏರಿಸದವನು ಕತ್ತಿನ ನರ ಉಬ್ಬುವಂತೆ ಕೂಗಿದ:

"ಸಾಕು ಮಾಡೋ! ಮನೆಗೆ ಹೋಗೋ ಮುದುಕಾ! ಯಾಕೋ ಹೀಗೆ ಸಾಯಿಸ್ತೀಯಾ!"

ಕೂಗಿ ಕುಳಿತವನು ಅಂಗಿಯ ತೋಳಿನಿಂದ ಮುಖ ಮುಚ್ಚಿಕೊಂಡು ಅತ್ತ. ಅವನ ಮಾತು ಇಷ್ಟವಾಗಿ ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು.

ದಾರಿಯಲ್ಲಿ ಪುಟ್ಟಕ್ಕನಿಗೆ ತಡೆಯಲಾಗಲಿಲ್ಲ. "ಇಷ್ಟು ಹಿಂಸೆ ಆದ್ರೆ ಯಾಕೆ ಹೋಗ್ತೀಯ ಅಣ್ಣಾ? ಚೆನ್ನಾಗಿ ಆಡಿದ್ದೆಲ್ಲ ನೋಡಿದ್ದೀಯಲ್ಲ, ಅದನ್ನೇ ಇಟ್ಕೋ."

"ಗೋಲು ನೋಡೋಕೆ ಹೋಗ್ತಿಲ್ಲ ಪುಟ್ಟಿ." ಅವನು ನಿಂತ. "ತಪ್ಪಿದ ಮೇಲೆ ಏನು ಮಾಡ್ತಾನೆ ಅಂತ ನೋಡ್ತೀನಿ. ಕೈ ಎಲ್ಲಿಟ್ಕೋತಾನೆ. ಮುಖ ಯಾವ ಕಡೆ ತಿರುಗಿಸ್ತಾನೆ. ಮುಂದಿನ ಭಾನುವಾರ ಹೇಗೆ ಮತ್ತೆ ಬರ್ತಾನೆ. ನಾನು ಬೆಳಿಗ್ಗೆ ಪೆಟ್ಟಿಗೆ ಹಿಡಿಬೇಕಲ್ಲ. ಅದು ಹೇಗೆ ಅಂತ ಯಾರನ್ನ ನೋಡಿ ಕಲೀಲಿ?"

ಅವಳು ಅವನ ಕೈ ಹಿಡಿದುಕೊಂಡಳು. ಮನೆ ಮುಟ್ಟುವವರೆಗೂ ಆ ಹೆಬ್ಬೆರಳು ಅವಳ ಅಂಗೈಯೊಳಗೆ ಆಡುತ್ತಲೇ ಇತ್ತು.

ಗುಟ್ಟು ಹೆಚ್ಚು ದಿನ ಉಳಿಯಲಿಲ್ಲ. ನಿವೃತ್ತ ಹೆಡ್‌ಮೇಷ್ಟ್ರ ಬಿಳಿ ಅಂಗಿಯ ಬೆನ್ನಿನ ಮೇಲೆ ಇಸ್ತ್ರಿ ಪೆಟ್ಟಿಗೆಯ ಅಚ್ಚು ಕಂದುಬಣ್ಣದಲ್ಲಿ ಮೂಡಿತು. ಮೇಷ್ಟ್ರು ದೊಡ್ಡ ಮನುಷ್ಯ, "ಹಳೇ ಅಂಗಿ, ಬಿಡಿ," ಎಂದು ನಕ್ಕು ಹೋದರು. ಆದರೆ ಸುದ್ದಿ ಬೀದಿ ಸುತ್ತಿತು. ಯಾರೂ ಬೇರೆ ಲಾಂಡ್ರಿಗೆ ಹೋಗಲಿಲ್ಲ. ಮೊದಲು ಬಟ್ಟೆ ಎಸೆದು ಓಡುತ್ತಿದ್ದವರು ಈಗ ಕೌಂಟರಿನ ಮೇಲೆ ಮೊಣಕೈ ಊರಿ ನಿಲ್ಲತೊಡಗಿದರು. ಮಾತು ಹವೆಯದ್ದೋ ಬಸ್ಸಿನದ್ದೋ ಇರುತ್ತಿತ್ತು, ಕಣ್ಣು ಮಾತ್ರ ಅಣ್ಣನ ಕೈ ಮೇಲಿರುತ್ತಿತ್ತು.

"ನೋಡಿದ್ಯಾ ಪುಟ್ಟಿ, ನಂಗೂ ಸ್ಟೇಡಿಯಂ ತುಂಬ್ತಿದೆ," ಎಂದ ಅಣ್ಣ ಒಂದು ಮಧ್ಯಾಹ್ನ. ಅವಳಿಗೆ ನಗು ಬಂತು, ನಗುತ್ತಲೇ ಹಿಂದಿನ ಕೋಣೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡಳು.

ಸೀಸನ್ ಮುಗಿಯುವ ಮುಂಚೆಯೇ ಎಡಚ ಆಟ ಬಿಡುವುದಾಗಿ ಹೇಳಿದ. ಕ್ಲಬ್ಬು ಬೀಳ್ಕೊಡುಗೆ ಸಮಾರಂಭ ಇಟ್ಟುಕೊಂಡಿತು. ಅದರ ಹಿಂದಿನ ದಿನ ಹನ್ನೊಂದು ಗಂಟೆ ಸುಮಾರಿಗೆ, ಸೂಟೊಂದನ್ನು ತೋಳಿಗೆ ಹಾಕಿಕೊಂಡು ಅವನೇ ಲಾಂಡ್ರಿಯ ಮೆಟ್ಟಿಲು ಹತ್ತಿದ. ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು.

"ನಮಸ್ಕಾರ. ನಾಳೆಗೆ ಬೇಕಿತ್ತು. ನಮ್ಮ ಜರ್ಸಿ ತೊಳೆಯೋದು ನೀವೇ ಅಂತ ವ್ಯಾನಿನವರು ಹೇಳಿದ್ರು."

ಪುಟ್ಟಕ್ಕ ಸೂಟು ತೆಗೆದುಕೊಳ್ಳಲು ಕೈ ಚಾಚಿದಳು. "ಕೊಡಿ ಸಾರ್, ನಾನು..."

"ನೀನು ಸುಮ್ನಿರು. ನಾನು ಮಾಡ್ತೀನಿ," ಎಂದ ಅಣ್ಣ.

ಅವನು ಪ್ಯಾಂಟನ್ನು ಮೇಜಿನ ಮೇಲೆ ಹರಡಿದ. ಕೈ ಎಂದೂ ಇಲ್ಲದಷ್ಟು ನಡುಗುತ್ತಿತ್ತು. ಪೆಟ್ಟಿಗೆ ತನ್ನ ಸ್ಟ್ಯಾಂಡಿಗೆ ತಗುಲಿ ಟಕಟಕ ಸದ್ದು ಮಾಡಿತು. ಎಡಚ ಒಂದು ಸಲ ಆ ಕೈಯನ್ನು ನೋಡಿದ. ಆಮೇಲೆ ಗೋಡೆಯ ಬೆಂಚನ್ನು ಎಳೆದು, ಬೀದಿಯ ಕಡೆ ಮುಖ ಮಾಡಿ, ಇಬ್ಬರಿಗೂ ಬೆನ್ನು ಕೊಟ್ಟು ಕುಳಿತ. ಒಂದು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವನು ತಿರುಗಿ ನೋಡಲಿಲ್ಲ, ಗಡಿಯಾರ ನೋಡಲಿಲ್ಲ. ಹೋಗಿಬರುವ ಸೈಕಲ್ಲುಗಳನ್ನು ನೋಡುತ್ತ ಮೊಣಕಾಲು ನೀವಿಕೊಳ್ಳುತ್ತಿದ್ದ.

ಮಡಿಸಿದ ಸೂಟು ಕೊಡುವಾಗ ಅಣ್ಣ ಹೇಳಿದ, "ಪೆನಾಲ್ಟಿ ತಪ್ಪಿದ ದಿನ ನಾನು ಕೂಗಿದ್ದೆ ಸಾರ್. ಮುದುಕಾ ಅಂದಿದ್ದೆ."

ಎಡಚ ಸೂಟನ್ನು ಬೆಂಚಿನ ಮೇಲಿಟ್ಟ. "ತುಂಬಾ ಜನ ಅಂದ್ರು ಅಣ್ಣಾ. ಅದು ಹೆಂಗೋ ನುಂಗ್ಕೋಬಹುದು. ದೊಡ್ಡ ಊರಲ್ಲಿ ಕೊನೇ ವರ್ಷ ನಾನು ಬೆಂಚಲ್ಲಿ ಕೂತಿದ್ದಾಗ ಯಾರೂ ಏನೂ ಅನ್ನಲಿಲ್ಲ ನೋಡಿ, ಅದು..." ಮಾತು ಅಲ್ಲಿಗೇ ಬಿಟ್ಟು, ಅಣ್ಣನ ನಡುಗುವ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಬಿಟ್ಟ.

ಎರಡು ದಿನದ ನಂತರ ಪೇಪರಿನಲ್ಲಿ ಫೋಟೋ ಬಂತು. ಪ್ಯಾಂಟಿನ ಎಡಗಾಲಿನ ಮೇಲೆ ಎರಡು ಗೆರೆ ಇದ್ದವು. ಕಂಡದ್ದು ಅಣ್ಣ ತಂಗಿ ಇಬ್ಬರಿಗೇ ಇರಬೇಕು.

ಅಣ್ಣ ಇಸ್ತ್ರಿ ಮಾಡಿದ ಕೊನೆಯ ಬಟ್ಟೆ ಅದೇ. ಮರುವಾರದಿಂದ ಕೌಂಟರಿನಲ್ಲಿ ಕುಳಿತು ಚೀಟಿ ಬರೆದ. ಅಕ್ಷರ ಇರುವೆಯಷ್ಟು ಚಿಕ್ಕದಾಗುತ್ತ ಹೋಗಿ ಒಂದು ದಿನ ಅದೂ ನಿಂತಿತು. ಮಾತು ತೊದಲಿತು, ನಡಿಗೆ ಕಿರಿದಾಯಿತು. ಮೂರನೆಯ ವರ್ಷ, ನೀರು ನುಂಗುವುದೂ ಕಷ್ಟವಾಗಿ, ಗಾಳಿ ಬರುವ ಕೋಣೆಯಲ್ಲಿ ತೀರಿಕೊಂಡ. ಅವನು ಹಾಸಿಗೆ ಹಿಡಿದ ಮೇಲೆ ಆ ಕೋಣೆಯನ್ನು ಪುಟ್ಟಕ್ಕ ಅವನಿಗೇ ಬಿಟ್ಟುಕೊಟ್ಟಿದ್ದಳು.

ಜನರ ಬಟ್ಟೆಗಳು ಅಂಗಡಿಯೊಳಗೇ ಇದ್ದವು. ಅದಕ್ಕಾಗಿ ಐದನೆಯ ದಿನ ಬಾಗಿಲು ತೆರೆದಳು. ಮೊದಲು ಬಂದವನು ಕಟಿಂಗ್ ಶಾಪಿನವನು. ಗಂಟು ತಂದಿರಲಿಲ್ಲ. ಕೌಂಟರಿನ ಮೇಲೆ ಮೊಣಕೈ ಊರಿ, ತಗ್ಗಿದ ದನಿಯಲ್ಲಿ ಕೇಳಿದ: "ಕೊನೆಗೆ ಮಾತಾಡ್ತಿದ್ರಾ ಪುಟ್ಟಕ್ಕ? ಗುರುತು ಹಿಡೀತಿದ್ರಾ? ತುಂಬಾ ಕಷ್ಟ ಆಯ್ತಾ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. "ಇನ್ನೂ ಸಾಕಾಗ್ಲಿಲ್ವಾ ನಿಮಗೆ? ಮೂರು ವರ್ಷ ನಿಂತು ನಿಂತು ನೋಡಿದ್ರಲ್ಲ!"

ಅವನು ಹಿಂದೆ ಸರಿಯಲಿಲ್ಲ. ಕಣ್ಣು ಕೆಂಪಾಗಿತ್ತು. "ನನ್ನ ಮದುವೆ ಕೋಟು ನಿಮ್ಮಣ್ಣನೇ ಇಸ್ತ್ರಿ ಮಾಡಿದ್ದು ಕಣಕ್ಕಾ. ಅಂಗಡಿ ಓಪನಿಂಗ್ ದಿನದ ಅಂಗೀನೂ ಅವರೇ. ನಮ್ಮಪ್ಪ ಹೋದಾಗ ಅಪ್ಪಂಗೆ ಹಾಕಿದ ಬಿಳೀ ಶರ್ಟು, ಅದಕ್ಕೂ ಅವರೇ ಗೆರೆ ಹಾಕ್ಕೊಟ್ಟಿದ್ದು. ಕೊನೆಗೆ ಹೇಗಿದ್ರು ಅಂತ ನಾನು ಕೇಳ್ದೆ ಇನ್ಯಾರು ಕೇಳ್ಬೇಕು?"

ಹಿಂದಿನ ಕೋಣೆಯಲ್ಲಿ ಬಟ್ಟೆ ತೊಳೆಯುವ ಯಂತ್ರ ತಿರುಗುವುದು ನಿಂತಿತ್ತು, ಬಟ್ಟೆ ತೆಗೆದು ಹರವಬೇಕಿತ್ತು. ಪುಟ್ಟಕ್ಕ ಹೋಗಲಿಲ್ಲ. ಒಳಗಿನಿಂದ ಇನ್ನೊಂದು ಕುರ್ಚಿ ತಂದು ಹಾಕಿ, "ಕೂತ್ಕೊಳ್ಳಿ," ಎಂದಳು. ಆಮೇಲೆ, ಅಣ್ಣನ ಮಾತು ನಿಂತ ದಿನದಿಂದ ಶುರು ಮಾಡಿ, ಎಲ್ಲವನ್ನೂ ಹೇಳಿದಳು.