ಹುಣಸೆ ಹಲಗೆಯ ಕೆಂಪು ಸೀಳು

ಗಣಿ ಧಣಿಯ ಬಂಗ್ಲೆಯಲ್ಲಿರೋ ಹುಣಸೆ ಹಲಗೆಯ ಮೇಜನ್ನು ಬೆಂಗಳೂರಿನವರು ಮಾಡಿದರು ಅಂತ ಇವತ್ತಿಗೂ ಜನ ಹೇಳ್ತಾರೆ. ಕೇಳಿದರೆ ನನ್ನ ಮೈ ಉರೀತೈತಿ. ಮಾಡಿದವನು ಸಿರುಗುಪ್ಪದ ಬಡಿಗ ಮಾಬುಸಾಬ್, ನನ್ನ ಪಾಲಿನ ಮಾಬಣ್ಣ, ಬ್ರೂಸ್‌ಪೇಟೆಯ ನಮ್ಮ ಷೆಡ್ಡಿನಲ್ಲಿ. ಜೊತೆಗೆ ಉಜ್ಜಿದವನು ನಾನು.

ಅದಿರಿನ ಲಾರಿಗಳಿಗೆ ರಸ್ತೆ ಅಗಲ ಮಾಡುವಾಗ ಕುರುಗೋಡಿನ ಹತ್ತಿರ ಉರುಳಿಸಿದ ಮರ ಅದು. ಅಂಚಿನ ತೊಗಟೆ ಹಂಗೇ ಇರಬೇಕು, ನಡುವಿನ ಸೀಳಿಗೆ ಗಾಜಿನಂಥ ಎಪಾಕ್ಸಿ ಅಂಟು ತುಂಬಬೇಕು ಅಂತ ಧಣಿಯ ಮ್ಯಾನೇಜರ್ ಹುಲುಗೇಶ್ ಡಬ್ಬಿ ಇಟ್ಟು ಹೋದ. ಧಣಿಯ ಕಾರಿಗೆ ಗೀರು ಬಿಟ್ಟ ಡ್ರೈವರನ ಕೈ ಮುರಿದದ್ದು ಊರಿಗೇ ಗೊತ್ತಿತ್ತು. ಹಲಗೆ ಕೆಟ್ಟರೆ ನಮ್ಮ ಕೈ.

ಮಾಬಣ್ಣ ಹಲಗೆ ತಟ್ಟಿ ನೋಡಿ, "ಹಸಿ ಕಟ್ಟಿಗಿಗೆ ಸಿಟ್ಟು ಜಾಸ್ತಿ, ನಿನ್ನಂಗ" ಅಂದ.

ಅಂಟು ಅಂದರೆ ಬಿಸಿಲಿಗಿಡೋದು ನಮ್ಮ ರೂಢಿ. ಎಪಾಕ್ಸಿಯನ್ನೂ ಒಂದೇ ಸಲ ಸುರಿದು ಬಿಸಿಲಿಗೆ ಎಳೆದೆವು. ಅದು ಒಳಗೊಳಗೇ ಕುದೀತು. ಹೊಗೆ ಎದ್ದಿತು, ನೊರೆ ಉಕ್ಕಿತು, ಹಳದಿ ತಿರುಗಿ ಕಲ್ಲಾಯಿತು. ಹೊರಗೆ ಯಾವ ಜೀಪು ನಿಂತರೂ ನಾನು ಬಾಗಿಲ ಸಂದಿಯಿಂದ ಇಣುಕುತ್ತಿದ್ದೆ.

ಕೊನೆಗೆ ಹುಲುಗೇಶನೇ ಬಂದ. ನಾಳೆ ಸಂಜೆ ಧಣಿ ಬರ್ತಾರೆ ಅಂದವನು ಹಲಗೆ ಕಂಡು ಮಾಬಣ್ಣನ ಕೊರಳಪಟ್ಟಿ ಹಿಡಿದ. "ಯಾವ ಕೈಲೆ ಸುರಿದಿ? ಅದನ್ನ ಚಾಚು."

ನಾನು ಉಳಿ ಬಡಿಯೋ ಕೊಡತಿ ಎತ್ತಿದ್ದೆ. ಮಾಬಣ್ಣ ಕೊರಳು ಬಿಡಿಸಿಕೊಳ್ಳೋದು ಬಿಟ್ಟು ನನ್ನ ಮಣಿಕಟ್ಟು ಹಿಡಿದ.

"ಬ್ಯಾಡ ಲೇ ಮಾರೆಣ್ಣ. ಹಲಗಿ ಸೀಳಿದ್ರ ತುಂಬಬಹುದು. ತಲಿ ಸೀಳಿದ್ರ?"

ಹುಲುಗೇಶ್ ಹಿಂದೆ ಸರಿದ. ನಾಳೆವರೆಗೆ ಟೈಮು ಅಂತ ಬೈದು ಹೋದ.

ಉಳಿಯಿಂದ ಹಳದಿ ಕೆತ್ತಿ ತೆಗೆದೆವು. ಅಲ್ಲಲ್ಲಿ ಕಲೆ ಉಳಿಯಿತು. ಅದು ಕಾಣಬಾರದೆಂದು ಮಾಬಣ್ಣ ಷೆಡ್ಡಿನ ತಗಡಿನ ಮೇಲೆ ಕೂತಿದ್ದ ಅದಿರಿನ ಕೆಂಪು ಧೂಳು ಜರಡಿ ಹಿಡಿದು, ಉಳಿದ ಎಪಾಕ್ಸಿಗೆ ಬೆರೆಸಿ, ನೆರಳಲ್ಲಿ ತೆಳ್ಳಗೆ ತೆಳ್ಳಗೆ ಸುರಿದ.

ಮರುದಿನ ಸಂಜೆ ಗನ್‌ಮ್ಯಾನ್‌ಗಳ ನಡುವೆ ಬಂದ ಧಣಿ ಕೆಂಪು ಸೀಳಿನ ಮೇಲೆ ಉಗುರು ಎಳೆದ. "ನಮ್ಮ ಗಣಿ ಮಣ್ಣೇ ಐತಲ್ಲೋ" ಅಂತ ನಕ್ಕ. ಬೆಂಗಳೂರಿನವರನ್ನ ಕರೆಸಿ ಮಾಡಿಸಿದೆ ಸರ್ ಅಂದ ಹುಲುಗೇಶ್. ನಾವು ಉಳಿ ಒರೆಸಿ ಚೀಲಕ್ಕೆ ಹಾಕಿದೆವು.

ಆ ದಿನ ಮಾಬಣ್ಣ ಮಣಿಕಟ್ಟು ಹಿಡಿಯದಿದ್ದರೆ ನಾನು ಜೈಲಿನಲ್ಲೋ ಮಣ್ಣಿನಲ್ಲೋ ಇರ್ತಿದ್ದೆ. ಏನು ಬೇಕು ಕೇಳು ಅಂದಿದ್ದೆ. ಸಿರುಗುಪ್ಪದ ಮನಿ ಹೊಸ್ತಿಲು ಸೀಳೈತಿ, ಚೇಳು ಬರ್ತಾವ, ಬಂದು ತುಂಬಿಕೊಡು ಅಂದ. ಬರ್ತೀನಿ ಅಂದೆ. ಹೋದದ್ದು ಅವನು ಸತ್ತ ಮೇಲೆ, ಅವನ ಮಣ್ಣಿಗೆ. ಅವನ ಹೆಂಡತಿ ಶಾಹಜಾನಬಿ ಹೊಸ್ತಿಲ ಆ ಸೀಳಿಗೆ ಹಳೇ ಬಟ್ಟೆ ತುರುಕಿದ್ದಳು.