ಗೋದತ್ತೆ ತಿಕ್ಕಿದ ಕಲ್ಲು

ಮೊಮ್ಮಗಳ ಬಟ್ಟೆ ಒಗೆಯುವ ಯಂತ್ರದ ಬಾಗಿಲಿಗೆ ರಬ್ಬರಿನ ದಪ್ಪ ಬಳೆಯೊಂದಿದೆ. ತಿಂಗಳಿಗೊಮ್ಮೆ ಅದರ ಮಡಿಕೆ ಬಿಡಿಸಿ ಲೋಳೆ ಒರೆಸುವ ಕೆಲಸವನ್ನು ನಾನೇ ಕೇಳಿ ಪಡೆದಿದ್ದೇನೆ. ಆ ಮುಗ್ಗಲು ವಾಸನೆ ಮೂಗಿಗೆ ಬಡಿದರೆ ಸಾಕು, ಸವಣೂರಿನ ನಮ್ಮ ಮನೆಯ ಹಿತ್ತಲು ಎದ್ದು ಬರುತ್ತದೆ, ಅದರ ಹಿಂದೆಯೇ ನನ್ನ ಸಿಟ್ಟೂ. ಆ ಮನೆ ಬಿದ್ದು ಹೋಯಿತು, ಬಾವಿಯನ್ನು ಮುಚ್ಚಿದರು. ಸಿಟ್ಟು ಮಾತ್ರ ಹಾಗೆಯೇ ಇದೆ.

ಬಾವಿಯ ಪಕ್ಕದಲ್ಲಿ ಒಗೆಯುವ ಕಲ್ಲುಗಳು ಎರಡಿದ್ದವು. ಒಂದು ಮೈಲಿಗೆಯ ಬಟ್ಟೆಗೆ, ಅಲ್ಲಿ ಸಾಬೂನು ನಡೆಯುತ್ತಿತ್ತು. ಇನ್ನೊಂದು ಮಡಿ ಬಟ್ಟೆಗೆ. ಸಾಬೂನಿನಲ್ಲಿ ಪ್ರಾಣಿಗಳ ಕೊಬ್ಬಿರುತ್ತದೆಂದು ಅದನ್ನು ಈ ಕಲ್ಲಿನ ಹತ್ತಿರಕ್ಕೂ ತರುವಂತಿರಲಿಲ್ಲ, ಇಲ್ಲೇನಿದ್ದರೂ ಅಂಟವಾಳದ ನೀರು. ಏಕಾದಶಿಯ ಹಿಂದಿನ ದಿನ ಮಡಿಗಲ್ಲಿನ ಪಾಚಿ ಕೆರೆದು, ಇಟ್ಟಿಗೆ ಪುಡಿ ಹಾಕಿ, ತೆಂಗಿನ ನಾರಿನಿಂದ ತಿಕ್ಕುವುದು ಗೋದತ್ತೆಯ ಪಾಲಿನ ಕೆಲಸ. ಅವಳು ನನ್ನಪ್ಪನ ತಂಗಿ. ಹದಿನಾರಕ್ಕೆ ಗಂಡ ಸತ್ತ ಮೇಲೆ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ತವರಿಗೆ ತಂದು ಬಿಟ್ಟಿದ್ದರು. ಹಸಿವೆಯಾದರೂ ಕೇಳುವವರಿರಲಿಲ್ಲ. ಆದರೆ ದೇವರ ನೈವೇದ್ಯ ಮಾತ್ರ ಅವಳ ಕೈಯಿಂದಲೇ ಆಗಬೇಕು. ಆ ಮನೆಯಲ್ಲಿ ಅವಳಿಗೆ ಇದ್ದ ಮರ್ಯಾದೆ ಅದೊಂದೇ. ಅವಳು ತಿಕ್ಕಿ ಮುಗಿಸಿದ ಮೇಲೆ ನನ್ನ ಅಜ್ಜಿ, ಅಂದರೆ ಅವಳನ್ನು ಹಡೆದ ತಾಯಿ, ಬಂದು ಕಲ್ಲಿನ ಮೇಲೆ ಅಂಗೈ ಆಡಿಸುವಳು. ಎಲ್ಲೋ ಒಂದಿಷ್ಟು ಜಾರಿತೆಂದರೆ ಮೊದಲಿನಿಂದ ತಿಕ್ಕಬೇಕು. ನಿಮ್ಮ ಮನೆಗಳಲ್ಲೂ ಇಂಥ ಅಂಗೈಗಳು ಇದ್ದವಷ್ಟೆ?

ಒಂದು ಶ್ರಾವಣದಲ್ಲಿ ಗೋದತ್ತೆಗೆ ಜ್ವರ ಬಂತು. ಬೆರಳ ಸಂದುಗಳೆಲ್ಲ ಬಿರಿದು ನೆತ್ತರು ಜಿನುಗುತ್ತಿತ್ತು. ಆದರೂ ಅಜ್ಜಿ ಬಿಡಲಿಲ್ಲ. ನನಗಾಗ ಎಂಟು ವರ್ಷ. ಮಧ್ಯಾಹ್ನ ಎಲ್ಲರೂ ಮಲಗಿದಾಗ ಅಪ್ಪನ ಕೋಟು ಒಗೆಯುವ ಸಾಬೂನಿನ ತುಂಡು ತಂದು ಮಡಿಗಲ್ಲಿಗೆ ಉಜ್ಜಿದೆ. ಪಾಚಿ ಸಲೀಸಾಗಿ ಬಿಟ್ಟಿತು, ಕಲ್ಲು ಹೊಳೆಯಿತು. ಅತ್ತೆಗೆ ಉಪಕಾರ ಮಾಡಿದೆನೆಂದು ಹಿಗ್ಗಿ ಹೀರೇಕಾಯಿಯಾದೆ.

ಮರುದಿನ ಬೆಳಿಗ್ಗೆ ಅಜ್ಜಿ ಆ ಕಲ್ಲಿನ ಮೇಲೆ ಹಿಂಡಿದ ಸೀರೆಯನ್ನು ಮೂಗಿಗೆ ಹಿಡಿದು ನಿಂತಳು. ಸಾಬೂನು ಹಚ್ಚಿದವರು ಯಾರೆಂದು ಕೇಳಿದಳು. ನಾನು ಬಾವಿಯ ಕಟ್ಟೆಯ ಹಿಂದೆ ಸರಿದೆ. ಗೋದತ್ತೆ ಒಮ್ಮೆ ನನ್ನ ಕಡೆ ನೋಡಿದಳು.

"ನಾನ ಹಚ್ಚೇನಿ," ಅಂದಳು.

"ಇವತ್ತಿಂದ ನೀ ಅಡಗಿಮನಿ ಹೊಸ್ತಿಲಾ ದಾಟಬ್ಯಾಡ," ಅಂದಳು ಅಜ್ಜಿ.

ನೈವೇದ್ಯಕ್ಕೆ ಬೇರೆಯವರು ಬಂದರು. ಗೋದತ್ತೆ ಮೈಲಿಗೆಯ ಕಲ್ಲಿಗೆ ಇಳಿದಳು. ನಾನು ಉಡುವ ಪರಕಾರಗಳನ್ನೂ ಅವಳೇ ಒಗೆದಳು, ಒಂದು ದಿನವೂ ಆ ಮಾತು ಎತ್ತದೆ. ಅಜ್ಜಿ ಸತ್ತಾಗ ನಾನು ಅಳಲಿಲ್ಲ. ಗೋದತ್ತೆ ಸತ್ತಾಗ ಅಳುವ ಮುಖ ನನಗಿರಲಿಲ್ಲ. ಅವಳಿರುವಾಗಲೇ ನಾನು ಹೇಳಬೇಕಾಗಿದ್ದದ್ದು ಎರಡೇ ಮಾತು.

ಈಗ ಈ ರಬ್ಬರು ಒರೆಸುವಾಗ ಅವು ತಾವಾಗಿ ಬಾಯಿಗೆ ಬರುತ್ತವೆ, ನಾನ ಹಚ್ಚೇನಿ. ಮೊಮ್ಮಗಳು ಒಳಗಿನಿಂದ, "ಏನ್ ಹಚ್ಚಿದಿ ಅಜ್ಜಿ?" ಎಂದು ಕೇಳುತ್ತಾಳೆ. ಏನೂ ಇಲ್ಲವೆಂದು ಹೇಳಿ ಮತ್ತೆ ಒರೆಸುತ್ತೇನೆ.