ಸೂರಯ್ಯನ ಎರಡು ಫೋನು

ಚಳ್ಳಕೆರೆ ಬಸ್ ನಿಲ್ದಾಣದ ಬಳಿ ಹಳೆಯ ಕೀಪ್ಯಾಡ್ ಫೋನು ಮಾರುವ ನಮ್ಮ ಸೂರಯ್ಯ ಎರಡನ್ನು ಹೋಲಿಸದೆ ಒಂದನ್ನು ಮಾರುವವನಲ್ಲ. “ನೀಲಿದ್ರ ಟಾರ್ಚಿಗೆ ಮೊಳಕಾಲ್ಮೂರಿನ ಗುಡ್ಡ ಕಾಣ್ತೈತಕ್ಕ, ಕರೇದ್ರ ರಿಂಗು ಬಡ್ಕೊಂಡ್ರೆ ಕುರಿಹಿಂಡೇ ತಿರುಗಿ ನೋಡ್ತೈತೆ” ಎನ್ನುತ್ತಾನೆ. “ಗುಂಡಿ ಒತ್ತಿದ್ರೆ ಬೆರಳಿಗೆ ಗೊತ್ತಾಗ್ಬೇಕಪ್ಪ, ನನ್ನ ಹಳೇದ್ರಂಗೆ” ಎಂದು ಮುದುಕಿಯರು ಅಂದರೆ, ತನ್ನದೇ ಸಿಮ್ ಹಾಕಿ, ಅವರ ಹೆಣ್ಣುಮಕ್ಕಳಿಗೆ ಕರೆ ಮಾಡಿಸಿ ಎರಡನ್ನೂ ಪರೀಕ್ಷಿಸುತ್ತಾನೆ. ಹಾಗಾಗಿ ಅವನ ನಂಬರು ಎಷ್ಟೋ ಹೆಣ್ಣುಮಕ್ಕಳ ಬಳಿ ಉಳಿದಿದೆ. ಮೊನ್ನೆ ಅಂಥವಳೊಬ್ಬಳು ಕರೆ ಮಾಡಿ, “ನಿನ್ನೆಯಿಂದ ಅವ್ವ ಫೋನ್ ಎತ್ತಿಲ್ಲ ಮಾವ” ಎಂದಳು. ಸೂರಯ್ಯ ಅಂಗಡಿಯ ಬಾಗಿಲೆಳೆದು ಅವಳ ಅವ್ವನ ಊರಾದ ದೇವಸಮುದ್ರದ ಬಸ್ಸು ಹತ್ತಿದ. ಆ ತಾಯಿ ಫೋನನ್ನು ಮನೆಯ ಗೂಟಕ್ಕೆ ನೇತುಹಾಕಿ ಅಡವಿಯಲ್ಲಿ ಕುರಿ ಮೇಯಿಸುತ್ತಿದ್ದಳು. ಬೈಯಲು ಬಾಯಿ ತೆರೆದವನು ಅದನ್ನು ಬಿಟ್ಟು, ಮಗಳಿಗೆ ಕರೆ ಮಾಡಿ ತನ್ನ ಫೋನನ್ನು ತಾಯಿಯ ಕಿವಿಗಿಟ್ಟ. ಮಾತು ಮುಗಿಯುವವರೆಗೆ ಕುರಿಗಳನ್ನು ತಾನೇ ಕಾದ.